ಓದುಗರ ಪ್ರಶ್ನೆ: ಮೇಯರ್‌ಗೆ ನಾವೇಕೆ ಮತ ಹಾಕುವುದಿಲ್ಲ?

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಶಿಕ್ಷಕಿ, ಮೈಸೂರಿನ ಸರಸ್ವತಿಪುರಂನಲ್ಲಿ ವಾಸ. ಕೆನಡಾದ ಟೊರಾಂಟೊದಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದಿರುವ ನನ್ನ ಮಗಳು 2022ರ ಅಕ್ಟೋಬರ್‌ನಲ್ಲಿ ಮತ ಹಾಕಿ ಬಂದು, ಒಂದೇ ಮತಪತ್ರದಲ್ಲಿ ಮೇಯರ್, ವಾರ್ಡಿನ ಸದಸ್ಯರು, ಶಾಲಾ ಟ್ರಸ್ಟಿ (ಶಾಲಾ ಮಂಡಳಿಯ ಸದಸ್ಯರು) ಮೂವರನ್ನೂ ಆರಿಸಿದೆ ಎಂದು ಫೋನಿನಲ್ಲಿ ಹೇಳಿದಳು. ನಾನು ತಪ್ಪದೆ ಮನೆ ಕಂದಾಯ ಕಟ್ಟುತ್ತಾ ಬಂದಿದ್ದರೂ ಮೇಯರ್‌ಗೆಂದು ಒಮ್ಮೆಯೂ ಮತ ಹಾಕಿಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಅಡ್ಡರಸ್ತೆಯ ಮ್ಯಾನ್‌ಹೋಲ್ ಉಕ್ಕಿ ಹರಿದು, ಗೇಟಿನೊಳಗೆ ಬರೆದ ರಂಗೋಲಿಯವರೆಗೂ ಗಲೀಜು ಬಂದಾಗ ಕಚೇರಿಯೊಂದಕ್ಕೆ ಹೋಗಿ ಕೇಳಿದೆ. ‘ಈಗ ಕಾರ್ಪೊರೇಟರ್ ಇಲ್ಲವಲ್ಲಮ್ಮ, ಅರ್ಜಿ ಕೊಟ್ಟು ಹೋಗಿ’ ಎಂದರು. ಮಗಳಿಗಿರುವ ಹಕ್ಕು ನಮಗೇಕಿಲ್ಲ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮೇಯರನ್ನು ಜನರೇ ಏಕೆ ಆರಿಸುವುದಿಲ್ಲ ಎಂಬುದು ಒಂದು. ಜನರು ಆರಿಸಬೇಕಾದ ಕಾರ್ಪೊರೇಟರ್ ಕೂಡ ಏಕಿಲ್ಲ ಎಂಬುದು ಇನ್ನೊಂದು. ಮ್ಯಾನ್‌ಹೋಲ್‌ಗೆ ಸಂಬಂಧಪಟ್ಟದ್ದು ಎರಡನೆಯದು, ನನ್ನ ಮಟ್ಟಿಗೆ ಹೆಚ್ಚು ಗಂಭೀರವಾದದ್ದೂ ಅದೇ.

ಮೊದಲನೆಯದಕ್ಕೆ ಉತ್ತರ ಕಾನೂನಿನಲ್ಲಿದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮದ ಪ್ರಕಾರ ಜನರು ವಾರ್ಡಿನ ಸದಸ್ಯರನ್ನು ಮಾತ್ರ ಆರಿಸುತ್ತಾರೆ; ಆ ಸದಸ್ಯರು ಸಭೆ ಸೇರಿ ತಮ್ಮಲ್ಲೇ ಒಬ್ಬರನ್ನು ಮೇಯರ್ ಆಗಿ ಆರಿಸಿಕೊಳ್ಳುತ್ತಾರೆ, ಮತ್ತು ಈ ಮತದಾನದಲ್ಲಿ ನಗರ ವ್ಯಾಪ್ತಿಯ ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರಿಗೂ ಕೈ ಎತ್ತುವ ಅವಕಾಶವಿದೆ. 2018ರ ಆಗಸ್ಟ್ 31ರಂದು ಮೈಸೂರಿನ 65 ವಾರ್ಡುಗಳಿಗೆ ನಡೆದ ಚುನಾವಣೆಯಲ್ಲಿ ಬಿಜೆಪಿಗೆ 22, ಕಾಂಗ್ರೆಸ್‌ಗೆ 19, ಜೆಡಿಎಸ್‌ಗೆ 18 ಸ್ಥಾನ ಬಂದವು. ಹೆಚ್ಚು ಸ್ಥಾನ ಗೆದ್ದ ಪಕ್ಷ ಮೊದಲಿಗೆ ವಿರೋಧದಲ್ಲಿ ಕುಳಿತು, ಉಳಿದಿಬ್ಬರು ಕೈಜೋಡಿಸಿ ಮೇಯರ್ ಸ್ಥಾನ ಪಡೆದರು. ನಗರದ ಮೊದಲ ಮುಸ್ಲಿಂ ಮಹಿಳಾ ಮೇಯರ್ ತಸ್ನೀಂ, ಬಿಜೆಪಿಯ ಮೊದಲ ಮೇಯರ್ ಸುನಂದಾ ಪಾಲನೇತ್ರ ಇಬ್ಬರೂ ಇದೇ ಪಾಲಿಕೆ ಪರಿಷತ್ತಿನವರು; ಒಟ್ಟು ಐವರು ಆ ಕುರ್ಚಿಯಲ್ಲಿ ಕುಳಿತೆದ್ದರು. ಐದರಲ್ಲಿ ಯಾರ ಹೆಸರೂ ಮೇಯರ್ ಅಭ್ಯರ್ಥಿಯಾಗಿ ನಿಮ್ಮ ಮುಂದೆ ಬಂದಿರಲಿಲ್ಲ.

ಟೊರಾಂಟೊದಲ್ಲಿ ಇದು ಬೇರೆ ರೀತಿ. 2022ರಲ್ಲಿ ಗೆದ್ದ ಮೇಯರ್ ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟಾಗ, 2023ರ ಜೂನ್ 26ರಂದು ಇಡೀ ನಗರ ಮತ್ತೆ ಮತಗಟ್ಟೆಗೆ ಬಂದಿತು. ಆ ಒಂದು ಹುದ್ದೆಗೆ ಕಣದಲ್ಲಿದ್ದವರು 102 ಮಂದಿ. ಗೆದ್ದವರು ಒಲಿವಿಯಾ ಚೌ. ಅಲ್ಲಿನ ನಗರ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಹೆಸರಾಗಲಿ ಚಿಹ್ನೆಯಾಗಲಿ ಇರುವುದಿಲ್ಲವಾದ್ದರಿಂದ, ಅಷ್ಟು ಉದ್ದದ ಪಟ್ಟಿಯಲ್ಲಿ ಹೆಸರನ್ನೇ ಹುಡುಕಬೇಕು. ಹಸ್ತ, ಕಮಲ, ತೆನೆ ಹೊತ್ತ ಮಹಿಳೆಯನ್ನು ನೋಡಿ ಗುಂಡಿ ಒತ್ತುವ ನಮಗೆ ಅದು ಸ್ವಲ್ಪ ಕಷ್ಟವೇ.

ಹಾಗೆಂದು ಭಾರತದಲ್ಲಿ ನೇರ ಆಯ್ಕೆಯೇ ಇಲ್ಲವೆಂದು ತಿಳಿಯಬೇಡಿ. ಉತ್ತರ ಪ್ರದೇಶ, ಮಧ್ಯಪ್ರದೇಶ, ಉತ್ತರಾಖಂಡಗಳಲ್ಲಿ ಮೇಯರನ್ನು ಜನರೇ ಆರಿಸುತ್ತಾರೆ. 2022ರಿಂದ ಬಿಹಾರವೂ ಆ ಸಾಲಿಗೆ ಸೇರಿದೆ. ಇದನ್ನು ರಾಜ್ಯದ ಶಾಸನಸಭೆ ತೀರ್ಮಾನಿಸಬೇಕು. ಆದರೆ ನೇರ ಆಯ್ಕೆ ಬಂದ ಮಾತ್ರಕ್ಕೆ ನಿಮ್ಮ ಅಡ್ಡರಸ್ತೆ ಸರಿಹೋಗುತ್ತದೆ ಎಂದು ನಾನು ಹೇಳಲಾರೆ, ಏಕೆಂದರೆ ನಮ್ಮ ಕಾನೂನಿನಲ್ಲಿ ಆಡಳಿತ ನಡೆಸುವ ಅಧಿಕಾರವಿರುವುದು ಸರ್ಕಾರ ನೇಮಿಸುವ ಆಯುಕ್ತರಿಗೆ. ಮೇಯರ್ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ, ನಗರದ ಪ್ರಥಮ ಪ್ರಜೆ ಎನಿಸಿಕೊಳ್ಳುತ್ತಾರೆ, ಜಂಬೂಸವಾರಿಯ ದಿನ ಪೇಟ ಧರಿಸಿ ಕುದುರೆ ಏರಿ ಬರುತ್ತಾರೆ. ಅದಕ್ಕಾಗಿ ತಿಂಗಳ ಮೊದಲೇ ಕುದುರೆ ಸವಾರಿ ಕಲಿಯುವುದನ್ನು ನಾವೆಲ್ಲ ಪತ್ರಿಕೆಯಲ್ಲಿ ನೋಡಿದವರೇ. ಲಗಾಮು ಹಿಡಿಯಲು ಕಲಿಸುವಷ್ಟು ಮುತುವರ್ಜಿಯನ್ನು ಆಡಳಿತದ ಲಗಾಮು ಕೊಡುವುದರಲ್ಲಿ ಯಾವ ಸರ್ಕಾರವೂ ತೋರಿಸಿಲ್ಲ.

2024ರ ದಸರೆಯಲ್ಲಿ ಕುದುರೆ ಏರಲು ಮೇಯರೇ ಇರಲಿಲ್ಲ. ನಿಮ್ಮ ಎರಡನೆಯ ಪ್ರಶ್ನೆ ಬರುವುದು ಇಲ್ಲಿಗೆ. 2018ರ ಪರಿಷತ್ತಿನ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಹೊಸ ಚುನಾವಣೆ ನಡೆಯದೆ ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ನಗರ ಸಂಸ್ಥೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕು ಎಂದು 243ಯು ವಿಧಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಆದರೂ ವಾರ್ಡ್ ಮರುವಿಂಗಡಣೆ ಆಗಿಲ್ಲ, ಮೀಸಲಾತಿ ಪಟ್ಟಿ ಅಂತಿಮವಾಗಿಲ್ಲ, ಸುತ್ತಲಿನ ಊರುಗಳನ್ನು ಸೇರಿಸಿಕೊಳ್ಳಬೇಕು ಎಂಬ ಕಾರಣಗಳು ಒಂದರ ಹಿಂದೊಂದು ಬರುತ್ತವೆ. ಈ ಕೆಲಸಗಳು ಬೇಡವೆಂದಲ್ಲ. ಐದು ವರ್ಷ ಕೈಯಲ್ಲಿದ್ದಾಗ ಅವನ್ನು ಮಾಡದೆ ಕೊನೆಯ ತಿಂಗಳಿನಲ್ಲಿ ಕಡತ ಬಿಚ್ಚುವುದೇಕೆ ಎಂಬುದು ನನ್ನ ತಕರಾರು.

ಟೊರಾಂಟೊದಲ್ಲೂ ಇಂಥದ್ದು ನಡೆದಿದೆ. 2018ರಲ್ಲಿ, ನಮ್ಮ ಪಾಲಿಕೆ ಚುನಾವಣೆ ನಡೆದ ವರ್ಷವೇ, ನಾಮಪತ್ರ ಸಲ್ಲಿಕೆ ಮುಗಿದು ಪ್ರಚಾರ ನಡೆಯುತ್ತಿದ್ದಾಗ ಒಂಟಾರಿಯೊ ಪ್ರಾಂತ್ಯದ ಸರ್ಕಾರ 47 ವಾರ್ಡುಗಳ ಲೆಕ್ಕವನ್ನು 25ಕ್ಕೆ ಇಳಿಸಿತು. ಪ್ರಕರಣ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2021ರಲ್ಲಿ ಐವರು ನ್ಯಾಯಮೂರ್ತಿಗಳು ಸರ್ಕಾರದ ಪರ, ನಾಲ್ವರು ವಿರುದ್ಧ ತೀರ್ಪು ಕೊಟ್ಟರು. ಇಷ್ಟೆಲ್ಲ ಗೊಂದಲವಿದ್ದರೂ ಮತದಾನ ಮಾತ್ರ ನಿಗದಿಯಾದ ಅಕ್ಟೋಬರ್ 22ರಂದೇ ನಡೆಯಿತು. ನಾಲ್ಕು ವರ್ಷಕ್ಕೊಮ್ಮೆ ಅಕ್ಟೋಬರ್‌ನ ನಾಲ್ಕನೇ ಸೋಮವಾರ ಎಂದು ಅಲ್ಲಿಯ ಕಾನೂನಿನಲ್ಲೇ ಬರೆದಿರುವುದರಿಂದ, 2022ರ ನಂತರದ ಚುನಾವಣೆ 2026ರ ಅಕ್ಟೋಬರ್ 26ಕ್ಕೆ ಎಂದು ನಿಮ್ಮ ಮಗಳು ಅಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬಹುದಿತ್ತು. ನಾನಾಗಿದ್ದರೆ ಮೇಯರ್ ಮತಕ್ಕಿಂತ ಮೊದಲು ಆ ಸೋಮವಾರವನ್ನು ಕೇಳುತ್ತಿದ್ದೆ.

ಶಾಲಾ ಟ್ರಸ್ಟಿಯ ವಿಷಯಕ್ಕೆ ಬಂದರೆ, ಒಂಟಾರಿಯೊದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಿಗೆ ಸಾರ್ವಜನಿಕ, ಕ್ಯಾಥೊಲಿಕ್ ಎಂದು ನಾಲ್ಕು ಬಗೆಯ ಶಾಲಾ ಮಂಡಳಿಗಳಿದ್ದು, ಮತದಾರರು ಅವುಗಳಲ್ಲಿ ಒಂದಕ್ಕೆ ಮಾತ್ರ ಮತ ಹಾಕುತ್ತಾರೆ. ಮಕ್ಕಳಿಲ್ಲದವರಿಗೂ ಆ ಮತವಿದೆ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಬಂದ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಶಾಲೆಗೊಂದು ಸಮಿತಿ, ಆರಿಸುವವರು ಪೋಷಕರು. ಪಾಲಿಕೆಯ ಸ್ಥಾಯಿ ಸಮಿತಿಯೊಂದರ ಹೆಸರಿನಲ್ಲಿ ‘ಶಿಕ್ಷಣ’ ಎಂಬ ಪದವಿದೆಯಾದರೂ ಶಾಲೆಗಳು ಶಿಕ್ಷಣ ಇಲಾಖೆಯ ಅಧಿಕಾರಿಗಳಾದ ಬಿಇಒ, ಡಿಡಿಪಿಐ ಅವರ ಕೆಳಗೇ ಇವೆ ಎಂಬುದು ಶಿಕ್ಷಕಿಯಾಗಿದ್ದ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇನ್ನೊಂದು ಮಾತು: 2025ರಲ್ಲಿ ಟೊರಾಂಟೊ ಶಾಲಾ ಮಂಡಳಿಯೂ ಸೇರಿ ಕೆಲವು ಮಂಡಳಿಗಳಿಗೆ ಪ್ರಾಂತ್ಯದ ಸರ್ಕಾರ ಮೇಲ್ವಿಚಾರಕರನ್ನು ನೇಮಿಸಿ, ಚುನಾಯಿತ ಟ್ರಸ್ಟಿಗಳ ಅಧಿಕಾರವನ್ನು ತಡೆಹಿಡಿಯಿತು. ಆಡಳಿತಾಧಿಕಾರಿ ಎಂಬ ರೋಗ ನಮಗೊಬ್ಬರಿಗೇ ತಗುಲಿದ್ದಲ್ಲ.

ಮ್ಯಾನ್‌ಹೋಲ್ ಅರ್ಜಿಗೆ ಮೊಹರು, ದಿನಾಂಕ, ಸಂಖ್ಯೆ ಇರುವ ಸ್ವೀಕೃತಿ ಪಡೆದಿದ್ದೀರಾ? ಇಲ್ಲದಿದ್ದರೆ ಹೊಸದಾಗಿ ಬರೆದು, ಒಂದು ಪ್ರತಿಯನ್ನು ಆಯುಕ್ತರಿಗೂ ಕಳುಹಿಸಿ.

ಪ್ರಶ್ನೆ: ನಮ್ಮ ಮಂಡ್ಯಕ್ಕೆ ಮೇಯರ್ ಬದಲು ಅಧ್ಯಕ್ಷರು ಏಕೆ? (ಮಂಡ್ಯದ ಗುತ್ತಲು ಬಡಾವಣೆಯ ಓದುಗರು)

ಉತ್ತರ: ಮಂಡ್ಯದ್ದು 1964ರ ಪೌರಸಭೆಗಳ ಅಧಿನಿಯಮದ ಕೆಳಗೆ ಬಂದ 35 ವಾರ್ಡುಗಳ ನಗರಸಭೆ. ಪಾಲಿಕೆಯಾಗಲು ಸಾಮಾನ್ಯವಾಗಿ 3 ಲಕ್ಷ ಜನಸಂಖ್ಯೆ ಬೇಕು. 2011ರ ಜನಗಣತಿಯಲ್ಲಿ ಮಂಡ್ಯದ್ದು ಸುಮಾರು 1.37 ಲಕ್ಷ. ಹೆಸರು ಬೇರೆಯಾದರೂ ಕಾಯುವಿಕೆ ಒಂದೇ: 2018ರ ಆಗಸ್ಟ್‌ನಲ್ಲಿ ಗೆದ್ದ ನಿಮ್ಮ ಸದಸ್ಯರು ಅಧ್ಯಕ್ಷರ ಮೀಸಲಾತಿಯ ವ್ಯಾಜ್ಯದಿಂದಾಗಿ 2020ರ ಕೊನೆಯವರೆಗೂ ಅಧ್ಯಕ್ಷರನ್ನು ಆರಿಸಲಾಗದೆ, ಗೆದ್ದೂ ಅಧಿಕಾರವಿಲ್ಲದೆ ಕುಳಿತಿದ್ದರು.