ಕಬ್ಬಿನ ಗದ್ದೆಯಲ್ಲಿ ಹೂತುಹೋದ ಪ್ಯಾಟನ್: ಡಯೋರಾಮಾ ಪ್ರಶ್ನೋತ್ತರ

ಕಳೆದ ಸಂಚಿಕೆಯಲ್ಲಿ ಅಸಲ್ ಉತ್ತರ್ ಕಾಳಗದ ಡಯೋರಾಮಾ, ಅಂದರೆ ಹಲಗೆಯ ಮೇಲೆ ಪುಟ್ಟ ಮಾದರಿಗಳಿಂದ ಕಟ್ಟುವ ದೃಶ್ಯದ ಬಗ್ಗೆ ಬರೆದಿದ್ದೆವು. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮಕರಣ್ ಹತ್ತಿರ ಈ ಕಾಳಗ ನಡೆಯಿತು. ನಮ್ಮ 4ನೇ ಮೌಂಟನ್ ಡಿವಿಷನ್ ಕುದುರೆ ಲಾಳದ ಆಕಾರದಲ್ಲಿ ನೆಲೆ ಹಿಡಿದು ಹೊಲಗಳಿಗೆ ನೀರು ಬಿಟ್ಟಿತು. ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಷನ್ನಿನ ಪ್ಯಾಟನ್ ಟ್ಯಾಂಕುಗಳು ಎದೆಮಟ್ಟ ಮೀರಿ ಬೆಳೆದ ಕಬ್ಬಿನ ನಡುವೆ ಕೆಸರಿಗೆ ಸಿಕ್ಕಿಬಿದ್ದವು. ಆ ಬರಹದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಒಂದೇ ಹಲಗೆಯ ಮೇಲೆ ಹವಾಲ್ದಾರ್ ಅಬ್ದುಲ್ ಹಮೀದರ ಜೀಪು, ಎದುರಿಗೆ ಪ್ಯಾಟನ್ ಎರಡನ್ನೂ ಕೂರಿಸುವ ಆಸೆ. ಸ್ಕೇಲ್ 1/35. ಹಲಗೆ 60 ಸೆಂ.ಮೀ. ಉದ್ದ ಇದ್ದರೆ ಸಾಕೇ? — ವಿ.ಎಸ್., ದಾವಣಗೆರೆ

ಮೊದಲು ದೂರವನ್ನು 35ರಿಂದ ಭಾಗಿಸಿ ನೋಡಿ. ಹಮೀದರು ಪ್ಯಾಟನ್ ಟ್ಯಾಂಕುಗಳನ್ನು ಹೊಡೆದ, ಜೀಪಿನ ಮೇಲಿನ 106 ಎಂಎಂ ರಿಕಾಯಿಲ್‌ಲೆಸ್ ಗನ್ನಿಗೂ ಟ್ಯಾಂಕಿಗೂ ನಡುವೆ 100 ಮೀಟರ್ ಅಂತರ ಅಂತಿಟ್ಟುಕೊಂಡರೂ ಹಲಗೆಯ ಮೇಲೆ ಅದು 2.86 ಮೀಟರ್ ಆಗುತ್ತದೆ. ನಿಮ್ಮ 60 ಸೆಂ.ಮೀ. ಹಲಗೆಯ ಎರಡು ತುದಿಗಳ ನಡುವಿನ ಅಂತರ ನಿಜದ ಲೆಕ್ಕದಲ್ಲಿ ಬರೀ 21 ಮೀಟರ್. ಎರಡನ್ನೂ ಅಲ್ಲಿಟ್ಟರೆ ಜೀಪು ಟ್ಯಾಂಕಿನ ಬಾಯಿಗೇ ಹೋಗಿ ನಿಂತಂತೆ ಕಾಣುತ್ತದೆ, ನೋಡುವವರಿಗೆ ನಂಬಿಕೆ ಹುಟ್ಟುವುದಿಲ್ಲ.

ದಾರಿ ಎರಡಿವೆ. ಜೀಪನ್ನು ಮಾತ್ರ ಕಬ್ಬಿನ ಮರೆಯಲ್ಲಿಟ್ಟು, ಗನ್ನಿನ ಮೂತಿ ಹಲಗೆಯಾಚೆ ನೋಡುವಂತೆ ಮಾಡಿದರೆ ಶತ್ರು ಎಲ್ಲಿದ್ದಾನೆಂದು ನೋಡುಗರೇ ಊಹಿಸಿಕೊಳ್ಳುತ್ತಾರೆ. ಇಲ್ಲವೇ ಕಾಳಗ ಮುಗಿದ ಮರುದಿನ, 11ರ ಬೆಳಗ್ಗೆಯನ್ನು ಆರಿಸಿಕೊಳ್ಳಿ: ಸಿಬ್ಬಂದಿ ಬಿಟ್ಟುಹೋದ ಟ್ಯಾಂಕು, ಅದನ್ನು ನೋಡುತ್ತಿರುವ ಮೂವರು ಭಾರತೀಯ ಸೈನಿಕರು. ಇಲ್ಲಿ ಮನುಷ್ಯರಿಗೂ ಟ್ಯಾಂಕಿಗೂ ನಡುವಿನ ಅಂತರ ಎರಡು ಮೀಟರ್, ಅಂದರೆ ಹಲಗೆಯ ಮೇಲೆ 6 ಸೆಂ.ಮೀ. ಎಲ್ಲವೂ 30×25 ಸೆಂ.ಮೀ.ನಲ್ಲಿ ಮುಗಿಯುತ್ತದೆ. ಮೊದಲ ಡಯೋರಾಮಾ ಮಾಡುವವರಿಗೆ ನಮ್ಮ ಸಲಹೆ ಎರಡನೆಯದೇ. ಮುಂದಿನ ಉತ್ತರಗಳೆಲ್ಲ ಇದೇ ಬೆಳಗನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಜೋಡಣೆಯ ವಿಷಯಕ್ಕೆ ಬರೋಣ. ಪ್ಯಾಟನ್ನಿನ ಒಂದು ಮಾದರಿಯಾದ ಎಂ47ರ ಒಡಲು 1/35ರಲ್ಲಿ ಸುಮಾರು 18 ಸೆಂ.ಮೀ. ಉದ್ದ, ಫಿರಂಗಿ ಮುಂದಕ್ಕಿದ್ದರೆ 24, ಅಗಲ 10. ಇದನ್ನು ಹಲಗೆಯ ಅಂಚಿಗೆ ಸಮಾನಾಂತರವಾಗಿ ಇಡಬೇಡಿ, 20–25 ಡಿಗ್ರಿ ಓರೆಯಾಗಿಸಿ. ನಟ್ಟನಡುವೆಯೂ ಬೇಡ, ಒಂದು ಬದಿಗೆ ಸರಿಸಿ, ಫಿರಂಗಿಯ ಮುಂದೆ ಹೆಚ್ಚು ಜಾಗ ಬಿಡಿ. ಟ್ರ್ಯಾಕ್ (ಟ್ಯಾಂಕಿನ ಚಕ್ರಗಳ ಸುತ್ತಲಿನ ಸರಪಳಿ ಪಟ್ಟಿ) ಕೊರೆದ ಎರಡು ಕಾಲುವೆಗಳು ಹಿಂದಿನ ಮೂಲೆಯಿಂದ ಒಳಬಂದು ಟ್ಯಾಂಕಿನ ತನಕ ಕಣ್ಣನ್ನು ಎಳೆದು ತರಲಿ.

ಹೆಚ್ಚಿನವರು ಮರೆಯುವುದು ಎತ್ತರದ ಲೆಕ್ಕ. ಟರೆಟ್ಟಿನ (ಫಿರಂಗಿ ಇರುವ ತಿರುಗುವ ಗೋಪುರದ) ಮೇಲ್ಭಾಗ 85 ಮಿ.ಮೀ. ಹತ್ತಿರ ಬರುತ್ತದೆ. ಕೆಸರಲ್ಲಿ ಹೂತ ಮೇಲೆ 72 ಉಳಿಯುತ್ತದೆ. ಕಬ್ಬು 70. ಎರಡೂ ಒಂದೇ ಮಟ್ಟಕ್ಕೆ ಬಂದು ಇಡೀ ದೃಶ್ಯ ಚಪ್ಪಟೆಯಾಗುತ್ತದೆ. ಅದಕ್ಕೇ ಒಬ್ಬ ಸೈನಿಕನನ್ನು ಟರೆಟ್ಟಿನ ಮೇಲೆ ನಿಲ್ಲಿಸಿ. ಎತ್ತರ 12 ಸೆಂ.ಮೀ.ಗೆ ಏರುತ್ತದೆ. ಇನ್ನಿಬ್ಬರು ಕೆಳಗೆ ಮುಂಬದಿಯಲ್ಲಿ ಇರಲಿ. ಕಬ್ಬು ಹಿಂದೆ ಮತ್ತು ಒಂದು ಪಕ್ಕದಲ್ಲಿ ಮಾತ್ರ. ಏನನ್ನೂ ಅಂಟಿಸುವ ಮೊದಲು ರಟ್ಟಿನ ಡಬ್ಬಿ, ಕಡ್ಡಿಗಳಿಂದ ಅಣಕು ಜೋಡಣೆ ಮಾಡಿ, ಹಲಗೆಯಿಂದ 46 ಮಿ.ಮೀ. ಎತ್ತರದಲ್ಲಿ ಮೊಬೈಲ್ ಹಿಡಿದು ಫೋಟೋ ತೆಗೆಯಿರಿ. ಆ ಸ್ಕೇಲಿನ ಮನುಷ್ಯನ ಕಣ್ಣಿನ ಮಟ್ಟ ಅದು. ತಪ್ಪು ಅಲ್ಲೇ ಕಾಣುತ್ತದೆ.

ಪ್ರಶ್ನೆ: ಟಮಿಯಾದ ಎಂ48ಎ3 ಕಿಟ್ ನನ್ನ ಬಳಿ ಇದೆ. ಅದನ್ನೇ ಬಳಸಬಹುದೇ? — ಕೆ.ಆರ್., ಮೈಸೂರು

ಹಾಗೇ ಬಳಸಿದರೆ ತಪ್ಪಾಗುತ್ತದೆ. ಎಂ48 ಕೂಡ ಪ್ಯಾಟನ್ನೇ, ಆದರೆ ಅದರ ಎ3 ಮಾದರಿ ಡೀಸೆಲ್ ಎಂಜಿನ್ನಿನ ಟ್ಯಾಂಕು. ಅದರ ಹಿಂಭಾಗ ಎತ್ತರಿಸಿದ್ದು, ಹಿಂಬಾಗಿಲಿನಲ್ಲಿ ಗಾಳಿಯ ಪಟ್ಟಿಗಳಿವೆ. ಖೇಮಕರಣ್‌ಗೆ ಬಂದವು ಪೆಟ್ರೋಲ್ ಎಂಜಿನ್ನಿನ ಪ್ಯಾಟನ್‌ಗಳು, ಎಂಜಿನ್ ಮೇಲಿನ ಮುಚ್ಚಳ ಚಪ್ಪಟೆ, ಜಾಲರಿಯದು. ಹಿಂಭಾಗವನ್ನು ಪೂರ್ತಿ ಕತ್ತರಿಸಿ ಹೊಸದಾಗಿ ಕಟ್ಟುವ ಶ್ರಮಕ್ಕಿಂತ ಇಟಾಲೇರಿ ಅಥವಾ ಟಕೊಮ್‌ನ ಎಂ47 ಕಿಟ್ ತೆಗೆದುಕೊಳ್ಳುವುದು ಸಲೀಸು. ಎಂ48 ಬೇಕೇ ಬೇಕೆಂದರೆ ಡ್ರ್ಯಾಗನ್‌ನ ಎಂ48ಎ1 ನೋಡಿ. ಎಂ47ರಲ್ಲಿ ಐವರು ಸಿಬ್ಬಂದಿ, ಒಡಲಿನ ಮುಂಭಾಗದಲ್ಲಿ ಮೆಷಿನ್ ಗನ್ ಇರುತ್ತದೆ. ಎಂ48ರಲ್ಲಿ ನಾಲ್ವರೇ, ಚಾಲಕ ನಡುವೆ ಕೂರುತ್ತಾನೆ, ಆ ಗನ್ ಇಲ್ಲ. ತೆರೆದ ಹ್ಯಾಚ್‌ಗಳನ್ನು (ಸಿಬ್ಬಂದಿ ಒಳಗಿಳಿಯುವ ಮುಚ್ಚಳಗಳನ್ನು) ತೋರಿಸುವಾಗ ಈ ವ್ಯತ್ಯಾಸ ನೆನಪಿರಲಿ. ಎ3 ಕಿಟ್ಟನ್ನು ಎತ್ತಿಡಿ, ವಿಯೆಟ್ನಾಂ ಯುದ್ಧದ ದೃಶ್ಯಕ್ಕೆ ಅದು ಸರಿಹೊಂದುತ್ತದೆ.

ಪ್ರಶ್ನೆ: ನೆಲಕ್ಕೆ ವಾಲ್ ಪುಟ್ಟಿ ಹಾಕಿದೆ. ಒಣಗಿದಾಗ ಬಿರುಕು ಬಿಟ್ಟಿತು, ಹಲಗೆಯೂ ಬಾಗಿತು. ಥರ್ಮಾಕೋಲ್ ಒಂದು ಕಡೆ ಕರಗಿ ಗುಂಡಿ ಬಿತ್ತು. — ಎಂ.ಪಿ., ಮಂಗಳೂರು

ಮೂರಕ್ಕೂ ಕಾರಣ ಬೇರೆಬೇರೆ. ಪುಟ್ಟಿ ಒಣಗುವಾಗ ಕುಗ್ಗುತ್ತದೆ. ಒಂದೇ ಸಲ 10–12 ಮಿ.ಮೀ. ಹಾಕಿದರೆ ಮೇಲ್ಪದರ ಮೊದಲು ಗಟ್ಟಿಯಾಗಿ ಸೀಳುತ್ತದೆ. ಎತ್ತರವನ್ನು ಥರ್ಮಾಕೋಲಿನಿಂದಲೇ ಕೊಟ್ಟು, ಪುಟ್ಟಿಯನ್ನು 4 ಮಿ.ಮೀ. ಮೀರದ ಪದರವಾಗಿ ಹಚ್ಚಿ. ಮೂರು ಪಾಲು ಪುಟ್ಟಿ, ಒಂದು ಪಾಲು ಫೆವಿಕಾಲ್, ಒಂದು ಪಾಲು ಜರಡಿ ಹಿಡಿದ ಮಣ್ಣು, ಜೊತೆಗೆ ಕಂದು ಅಕ್ರಿಲಿಕ್ ಬಣ್ಣ ಸೇರಿಸಿ ಕಲಸಿದರೆ ಬಿರುಕೂ ಕಡಿಮೆ, ಚೂರು ಎದ್ದರೆ ಬಿಳಿಯೂ ಕಾಣುವುದಿಲ್ಲ.

ಹಲಗೆ ಬಾಗಿದ್ದು ಒಂದೇ ಬದಿಯಿಂದ ತೇವ ಕುಡಿದದ್ದಕ್ಕೆ. 12 ಮಿ.ಮೀ. ಎಂಡಿಎಫ್ ಅಥವಾ ಪ್ಲೈವುಡ್ ತಂದು ಮೇಲೆ, ಕೆಳಗೆ, ನಾಲ್ಕೂ ಅಂಚಿಗೆ ಎರಡೆರಡು ಕೈ ವಾರ್ನಿಷ್ ಹೊಡೆದ ಮೇಲೆಯೇ ಕೆಲಸ ಶುರು ಮಾಡಿ. ಕರಾವಳಿಯ ಮಳೆಗಾಲದಲ್ಲಿ ಇದನ್ನು ಬಿಡುವಂತೆಯೇ ಇಲ್ಲ. ಥರ್ಮಾಕೋಲನ್ನು ಕರಗಿಸಿದ್ದು ಸ್ಪ್ರೇ ಪೇಂಟಿನ ಅಥವಾ ರಬ್ಬರ್ ಅಂಟಿನ ದ್ರಾವಕ. ಅದಕ್ಕೆ ಫೆವಿಕಾಲ್ ಮಾತ್ರ ಬಳಸಿ, ಪುಟ್ಟಿಯಿಂದ ಪೂರ್ತಿ ಮುಚ್ಚಿದ ಮೇಲಷ್ಟೇ ಸ್ಪ್ರೇ.

ಇನ್ನೊಂದು ಮಾತು. ನಮ್ಮ ಅಂಗಳದ ಕೆಮ್ಮಣ್ಣನ್ನು ಹಾಗೇ ಹಾಕಬೇಡಿ. ಖೇಮಕರಣ್ ಸೀಮೆಯದು ಬೂದುಗಂದು ಮೆಕ್ಕಲು ಮಣ್ಣು. ನುಣುಪಿಗೆ ಯಾವ ಮಣ್ಣಾದರೂ ಆದೀತು, ಬಣ್ಣವನ್ನು ಟಮಿಯಾದ ಎಕ್ಸ್‌ಎಫ್-52 ಫ್ಲ್ಯಾಟ್ ಅರ್ಥ್, ಎಕ್ಸ್‌ಎಫ್-57 ಬಫ್ ಬೆರೆಸಿ ಮುಚ್ಚಿ.

ಪುಟ್ಟಿ ಹಸಿಯಾಗಿರುವಾಗಲೇ ಟ್ಯಾಂಕಿನ ಅಡಿಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಒತ್ತಿ. ಎಂ47ರ ಹೊಟ್ಟೆ ನೆಲದಿಂದ ಸುಮಾರು 13 ಮಿ.ಮೀ. ಮೇಲಿರುತ್ತದೆ, ಹೊಟ್ಟೆ ಮಣ್ಣಿಗೆ ತಾಗುವಷ್ಟು ಇಳಿದರೆ ಅದು ಹೂತ ಟ್ಯಾಂಕು. ಒಂದು ಬದಿ ಇನ್ನೂ 3–4 ಮಿ.ಮೀ. ಆಳಕ್ಕೆ ಹೋಗಲಿ. ಕಾಲುವೆಯ ಅಗಲ 17 ಮಿ.ಮೀ., ಇಕ್ಕೆಲದಲ್ಲಿ ಮಣ್ಣು ಉಬ್ಬಿ ಬಂದಿರಬೇಕು. ಆ ಉಬ್ಬು ಇಲ್ಲದಿದ್ದರೆ ಟ್ಯಾಂಕನ್ನು ಮೇಲಿಂದ ತಂದಿಟ್ಟಂತೆ ಕಾಣುತ್ತದೆ. ಗಟ್ಟಿಯಾದ ಮೇಲೆ ಟ್ಯಾಂಕು ತೆಗೆದು ಬೇರೆಯಾಗಿ ಬಣ್ಣ ಹಚ್ಚಬಹುದು.

ಪ್ರಶ್ನೆ: ಕಬ್ಬು ಮಾಡುವುದು ಹೇಗೆ? ಹಸಿರು ಪ್ಲಾಸ್ಟಿಕ್ ಹುಲ್ಲು ಹಾಕಿದರೆ ಭತ್ತದ ಗದ್ದೆಯಂತೆ ಕಾಣುತ್ತಿದೆ. — ಜಿ.ಎನ್., ಮಂಡ್ಯ

ಮಂಡ್ಯದವರಿಗೆ ಕಬ್ಬನ್ನು ಪರಿಚಯಿಸಬೇಕಿಲ್ಲ. ಗದ್ದೆಗೆ ಹೋಗಿ ಅಳತೆ ತಂದು 35ರಿಂದ ಭಾಗಿಸಿದರೆ ಅರ್ಧ ಕೆಲಸ ಮುಗಿಯಿತು. ಎರಡೂವರೆ ಮೀಟರ್ ಎತ್ತರ 70 ಮಿ.ಮೀ. ಆಗುತ್ತದೆ, ಎರಡೂವರೆ ಸೆಂ.ಮೀ. ದಪ್ಪದ ಜಲ್ಲೆ 0.7 ಮಿ.ಮೀ., 75 ಸೆಂ.ಮೀ. ಸಾಲಂತರ 21 ಮಿ.ಮೀ.

ಜಲ್ಲೆಗೆ ತೆಂಗಿನಕಡ್ಡಿ ಪೊರಕೆಯ ತುದಿಭಾಗ ಹೇಳಿ ಮಾಡಿಸಿದ್ದು. ಬುಡ ದಪ್ಪ, ಅದನ್ನು ಬಿಡಿ. ಹಸಿರು ಮಿಶ್ರಿತ ಹಳದಿ ಹಚ್ಚಿ, 3 ಮಿ.ಮೀ.ಗೊಂದರಂತೆ ಚೂಪು ಪೆನ್ಸಿಲಿನಿಂದ ಗೆಣ್ಣು ಗುರುತಿಸಿ. ಸೋಗೆಗೆ 80 ಜಿಎಸ್‌ಎಂ ಕಾಗದದ ಎರಡೂ ಬದಿಗೆ ಅಕ್ರಿಲಿಕ್ ಹಸಿರು ಬಳಿದು ಒಣಗಿಸಿ. 30 ಮಿ.ಮೀ. ಉದ್ದ, ಬುಡದಲ್ಲಿ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಅಗಲ, ತುದಿ ಚೂಪಾಗುವಂತೆ ಕತ್ತರಿಸಿ. ಮೊಂಡು ಸೂಜಿಯಿಂದ ನಡುವೆ ಗೀರೆಳೆದರೆ ನರವೂ ಆಯಿತು, ಸೋಗೆ ತಾನಾಗಿ ಮಡಚಿಕೊಂಡು ಬಿಗಿಯಾಗಿಯೂ ನಿಲ್ಲುತ್ತದೆ. ಕತ್ತರಿಯ ಬೆನ್ನಿನ ಮೇಲೆ ಎಳೆದರೆ ಬಾಗು ಬರುತ್ತದೆ.

ಅಂಟಿಸುವಾಗ ಗಮನವಿಡಿ: ಕಬ್ಬಿನ ಸೋಗೆ ಜಲ್ಲೆಯ ಎರಡು ಬದಿಗೆ ಒಂದು ಬಿಟ್ಟೊಂದು ಹೊರಡುತ್ತದೆ. ತೆಂಗಿನ ತಲೆಯಂತೆ ಸುತ್ತಲೂ ಅಂಟಿಸಿದರೆ ಅದು ಕಬ್ಬಲ್ಲ. ಮೇಲಿನ 20 ಮಿ.ಮೀ.ನಲ್ಲಿ ಎಂಟು ಹಸಿರು ಸೋಗೆ, ಕೆಳಗೆ ಜೋತುಬಿದ್ದ ಎರಡು ಒಣ ರವದಿ ಸಾಕು.

12×10 ಸೆಂ.ಮೀ. ಜಾಗಕ್ಕೆ ಐದು ಸಾಲು, ಸಾಲಿಗೆ ಎಂಟು ಬುಡ, ಬುಡಕ್ಕೆ ನಾಲ್ಕು ಜಲ್ಲೆಯಂತೆ 160 ಜಲ್ಲೆ ಬೇಕು. ನೋಡುಗರಿಗೆ ಕಾಣುವ ಹೊರಗಿನ ಎರಡು ಸಾಲಿಗೆ ಮಾತ್ರ ಪೂರ್ತಿ ಎಂಟೆಂಟು ಸೋಗೆ, ಅಂದರೆ ಐನೂರರ ಲೆಕ್ಕ. ಒಳಗಿನವಕ್ಕೆ ತುದಿಯಲ್ಲಿ ನಾಲ್ಕು ಇದ್ದರೆ ಸಾಕು. ಟ್ಯಾಂಕು ನುಗ್ಗಿ ಬಂದ ದಾರಿಯಲ್ಲಿ ಕಬ್ಬು ಅದು ಸಾಗಿದ ದಿಕ್ಕಿಗೇ ಮಲಗಿರಬೇಕು, ಮುರಿದ ತುದಿಗಳಿಗೆ ತಿಳಿ ಕೆನೆ ಬಣ್ಣದ ಚುಕ್ಕಿ ಇಡಿ. ಒಂದೆರಡು ಜಲ್ಲೆ ಟ್ರ್ಯಾಕಿಗೆ ಸಿಕ್ಕಿಕೊಂಡಿರಲಿ.

ಪ್ರಶ್ನೆ: ನೀರಿಗೆ ಎಪಾಕ್ಸಿ ರೆಸಿನ್ ಸುರಿದೆ. ಜಲ್ಲೆಗಳ ಮೇಲಕ್ಕೆ ಹತ್ತಿ ಹೊಳೆಯುತ್ತಿದೆ, ಒಳಗೆ ಗುಳ್ಳೆ, ಮೇಲೆ ಮಂಜು. — ಆರ್.ಬಿ., ಬೆಳಗಾವಿ

ಆ ದಿನದ ನೀರು ಹೊಸದಾಗಿ ನುಗ್ಗಿದ ರಾಡಿ ನೀರು. ತಳ ಕಾಣುವುದಿಲ್ಲ. ಹೀಗಿರುವಾಗ ಆಳಕ್ಕೆ ರೆಸಿನ್ ಸುರಿಯುವ ಅಗತ್ಯವೇ ಇಲ್ಲ. ನೀರು ನಿಲ್ಲುವ ಜಾಗವನ್ನು ನುಣ್ಣಗೆ, ಮಟ್ಟಸವಾಗಿ ಮಾಡಿ, ಸ್ಪಿರಿಟ್ ಲೆವೆಲ್ ಇಟ್ಟು ಪರೀಕ್ಷಿಸಿ. ಮಣ್ಣಿನ ಬಣ್ಣವನ್ನೇ ತುಸು ಗಾಢವಾಗಿ ಹಚ್ಚಿ, ದಡದ ಹತ್ತಿರ ತಿಳಿಯಾಗಿಸಿ. ಅದರ ಮೇಲೆ ಅಕ್ರಿಲಿಕ್ ಗ್ಲಾಸ್ (ಹೊಳಪಿನ) ಜೆಲ್ ಮೀಡಿಯಂ ತೆಳುವಾಗಿ ಮೂರು ಪದರ, ಪ್ರತಿ ಪದರಕ್ಕೂ ಒಂದು ದಿನ ಬಿಡುವು. ಮೊದಲೆರಡು ಪದರಕ್ಕೆ ಚೂರು ಬಫ್ ಬಣ್ಣ ಬೆರೆಸಿ. ನಿಂತ ನೀರಾದ್ದರಿಂದ ಅಲೆ ಬೇಡ. ನಡೆಯುತ್ತಿರುವ ಸೈನಿಕನ ಕಾಲ ಸುತ್ತ ಮಾತ್ರ ಎರಡು ಉಂಗುರ ಸಾಕು.

ರೆಸಿನ್ನೇ ಬೇಕೆಂದರೆ ಒಟ್ಟು 2 ಮಿ.ಮೀ. ಮೀರಬೇಡಿ. ಹೆಚ್ಚು ದಪ್ಪ ಸುರಿದರೆ ಗಟ್ಟಿಯಾಗುವಾಗ ಕಾವು ಏರಿ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಎರಡು ಭಾಗಗಳನ್ನು ಬಾಟಲಿಯ ಮೇಲೆ ಬರೆದ ಪ್ರಮಾಣದಲ್ಲಿ ತೂಕದ ಯಂತ್ರದಲ್ಲಿ ಅಳೆದು, ಲೋಟದ ಅಂಚು, ತಳ ಕೆರೆಯುತ್ತ ಮೂರು ನಿಮಿಷ ನಿಧಾನ ಕಲಸಿ. ಬಾಟಲಿಗಳನ್ನು ಮೊದಲೇ ಬಿಸಿನೀರಲ್ಲಿಟ್ಟರೆ ರೆಸಿನ್ ತೆಳುವಾಗಿ ಗುಳ್ಳೆ ಬೇಗ ಮೇಲೇಳುತ್ತದೆ. ಮಂಜಿಗೆ ಕಾರಣ ತೇವ: ಪುಟ್ಟಿ ಪೂರ್ತಿ ಒಣಗಿಲ್ಲ, ಇಲ್ಲವೇ ಮಳೆಯ ದಿನ ಸುರಿದಿದ್ದೀರಿ. ಜಲ್ಲೆಗೆ ಹತ್ತುವುದು ದ್ರವದ ಗುಣ, ಪೂರ್ತಿ ತಪ್ಪಿಸಲಾಗದು. ಗಟ್ಟಿಯಾದ ಮೇಲೆ ಆ ಭಾಗಕ್ಕೆ ಮ್ಯಾಟ್ ವಾರ್ನಿಷ್ ಹಚ್ಚಿ ಹೊಳಪು ತೆಗೆಯಿರಿ.

ಪ್ರಶ್ನೆ: ಟ್ಯಾಂಕಿಗೆ ತುಕ್ಕು ಎಷ್ಟು ಹಾಕಬೇಕು? ವಾಶ್ (ಗೀರುಗಳಿಗೆ ಹರಿಸುವ ತೆಳು ಬಣ್ಣ) ಹಾಕಿದಾಗ ಚಕ್ರದ ಅಚ್ಚುಗಳು ಮುರಿದವು, ಯಾಕೆ? — ಎಸ್.ಡಿ., ಹುಬ್ಬಳ್ಳಿ

ತುಕ್ಕು ಹೆಚ್ಚುಕಡಿಮೆ ಬೇಡವೇ ಬೇಡ. ಹಿಂದಿನ ದಿನದವರೆಗೆ ಓಡುತ್ತಿದ್ದ ಟ್ಯಾಂಕು ಅದು. ಸೈಲೆನ್ಸರ್ ಮೇಲೆ ತುಸು ಇರಲಿ. ಭಿಖಿವಿಂಡ್ ಬಳಿ ಸಾಲಾಗಿ ನಿಲ್ಲಿಸಿದ್ದ, ಪ್ಯಾಟನ್ ನಗರವೆಂದು ಹೆಸರಾದ ಜಾಗದ ಟ್ಯಾಂಕುಗಳ ಫೋಟೋ ನೋಡಿ ತುಕ್ಕು ಬಳಿಯುವವರಿದ್ದಾರೆ. ಅದು ನಂತರದ ಸ್ಥಿತಿ. ನಿಮ್ಮ ಕೆಲಸವೆಲ್ಲ ಕೆಸರಿನಲ್ಲಿದೆ. ಒಣಗಿದ ಕೆಸರು ತಿಳಿ, ಹೊಳಪಿಲ್ಲದ್ದು; ಹಸಿ ಕೆಸರು ಗಾಢ, ಹೊಳೆಯುವಂಥದ್ದು. ಹಿಂದಿನ ದಿನ ಸಿಡಿದು ಒಣಗಿದ್ದು ಮೇಲೆ, ನೀರಿಗೆ ತಾಗಿದ 5 ಮಿ.ಮೀ. ಪಟ್ಟಿ ಕೆಳಗೆ ಹಸಿಯಾಗಿ. ಮೂಲ ಬಣ್ಣಕ್ಕೆ ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್‌ಗೆ ಕಾಲು ಪಾಲು ಬಫ್ ಬೆರೆಸಿ ತಿಳಿಗೊಳಿಸಿ. ಹಾಗೇ ಹೊಡೆದರೆ ಈ ಗಾತ್ರಕ್ಕೆ ಕಪ್ಪಾಗಿ ಕಾಣುತ್ತದೆ.

ಅಚ್ಚು ಮುರಿದದ್ದು ವಾಶಿನಲ್ಲಿರುವ ಟರ್ಪೆಂಟೈನ್ ಬಣ್ಣವಿಲ್ಲದ ಪ್ಲಾಸ್ಟಿಕ್ಕಿನೊಳಗೆ ಇಳಿದದ್ದಕ್ಕೆ. ಬಿಗಿಯಾಗಿ ಕೂರಿಸಿದ ಜಾಗದಲ್ಲಿ ಪ್ಲಾಸ್ಟಿಕ್ ಮೊದಲೇ ಒತ್ತಡದಲ್ಲಿರುತ್ತದೆ, ದ್ರಾವಕ ಸೇರಿದಾಗ ಸೀಳುತ್ತದೆ. ಚಕ್ರದ ಹಿಂಬದಿಗೂ ಪ್ರೈಮರ್, ಬಣ್ಣ, ಹೊಳಪಿನ ವಾರ್ನಿಷ್ ಹಾಕಿ, 24 ಗಂಟೆ ಕಾದು, ಆಮೇಲೆ ವಾಶನ್ನು ಕುಂಚದ ತುದಿಯಿಂದ ಗೀರುಗಳಿಗೆ ಮಾತ್ರ ಮುಟ್ಟಿಸಿ. ಸುರಿಯಬೇಡಿ.

ಪ್ರಶ್ನೆ: 1965ರ ಭಾರತೀಯ ಸೈನಿಕರ ಗೊಂಬೆಗಳು ಸಿಗುತ್ತಿಲ್ಲ. — ಟಿ.ಹೆಚ್., ತುಮಕೂರು

ಎರಡನೇ ಮಹಾಯುದ್ಧದ ಬ್ರಿಟಿಷ್ 8ನೇ ಸೇನೆಯ ಗೊಂಬೆಗಳಲ್ಲಿ ಉದ್ದ ಪ್ಯಾಂಟಿನವನ್ನು ಆರಿಸಿಕೊಳ್ಳಿ. ಅಗಲ ಅಂಚಿನ ಹೆಲ್ಮೆಟ್, ಕ್ಯಾನ್ವಾಸ್ ಪಟ್ಟಿ, .303 ರೈಫಲ್ ಹೊಂದುತ್ತವೆ. ಉಡುಪನ್ನು ಮರಳು ಬಣ್ಣದಿಂದ ಆಲಿವ್ ಹಸಿರಿಗೆ ಬದಲಿಸಿ. ಗುಂಡು ಹಾರಿಸುವ ಭಂಗಿ ಬೇಡ, ಕಾಳಗ ಮುಗಿದಿದೆ, ರೈಫಲ್ ಹೆಗಲಿಗಿರಲಿ. ಮೂವರ ಮುಖವೂ ಟ್ಯಾಂಕಿನ ಒಂದೇ ಜಾಗಕ್ಕೆ, ತೆರೆದ ಹ್ಯಾಚ್ ಕಡೆಗೆ ತಿರುಗಿರಲಿ. ಪ್ಯಾಂಟು ಮೊಣಕಾಲ ತನಕ ಒದ್ದೆ, ಅಂದರೆ ಅದೇ ಹಸಿರಿನ ಗಾಢ ಛಾಯೆ.

ಪ್ರಶ್ನೆ: ಮೇಲೆ ಅಕ್ರಿಲಿಕ್ ಮುಚ್ಚಳ ಹಾಕಿದ ವಾರಕ್ಕೇ ಬಿಳಿ ಪುಡಿ ಕಟ್ಟಿದೆ. ಬೂಷ್ಟೇ? — ಎಲ್.ಕೆ., ಮಡಿಕೇರಿ

ಕೂದಲಿನಂತೆ ಎಳೆಯಿದ್ದರೆ ಬೂಷ್ಟು, ನುಣ್ಣನೆಯ ಮಂಜಿನಂತಿದ್ದರೆ ಫೆವಿಕ್ವಿಕ್‌ನ ಆವಿ. ಆವಿಯಾದರೆ ಮ್ಯಾಟ್ ವಾರ್ನಿಷ್ ಒಂದು ತೆಳು ಪದರ ಹೊಡೆದಾಗ ಮಾಯವಾಗುತ್ತದೆ. ಬೂಷ್ಟಾದರೆ ತೆಂಗಿನಕಡ್ಡಿ ಮತ್ತು ಮಣ್ಣಿನಿಂದ ಬಂದದ್ದು. ಹದವಾದ ಬಿಸಿಲಲ್ಲಿ ಒಣಗಿಸಿ, ಮೆತ್ತನೆಯ ಕುಂಚದಿಂದ ಒರೆಸಿ, ವಾರ್ನಿಷ್ ಮಾಡಿ. ಮುಂದೆ ಮಣ್ಣನ್ನು ಬಾಣಲೆಯಲ್ಲಿ ಹುರಿದು ಬಳಸಿ. ಮುಚ್ಚಳ ಹಾಕುವ ಮುನ್ನ ಎರಡು ವಾರ ತೆರೆದಿಡಿ, ಹಿಂಬದಿಯ ಕೆಳಗೆ 3 ಮಿ.ಮೀ.ನ ಎರಡು ತೂತು ಕೊರೆಯಿರಿ, ಕಬ್ಬಿನ ಮರೆಯಲ್ಲಿ ಒಂದು ಸಣ್ಣ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕೊಡಗಿನ ಮಳೆಗೆ ಆ ಪೊಟ್ಟಣವನ್ನು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ.