ಜಿಂಕೆ ಕಣ್ಣಿಗೆ ನಿಮ್ಮ ಜಾಕೆಟ್ ಹೇಗೆ ಕಾಣುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಬೇಟೆಗೆ ಹಾಕಿಕೊಳ್ಳುವ ಕ್ಯಾಮೊಫ್ಲಾಜ್ ಬಟ್ಟೆಯ ಬಗ್ಗೆಯೇ, ಅಂದರೆ ಸುತ್ತಲಿನ ಗಿಡಮರದ ನಡುವೆ ನಮ್ಮನ್ನು ಮರೆಮಾಡುವ ಬಟ್ಟೆ. ಮೊದಲೇ ಹೇಳಿಬಿಡುತ್ತೇನೆ, ನಾನು ಕೋವಿ ಹಿಡಿಯುವವನಲ್ಲ. ಕ್ಯಾಮೆರಾ ಹಿಡಿದು ಪೊದೆ ಹಿಂದೆ ಕೂರುವವನು. ಪ್ರಾಣಿಯ ಕಣ್ಣಿಗೆ ಬೀಳದೆ ಹತ್ತಿರ ಕೂರಬೇಕಾದ ಕಷ್ಟ ಮಾತ್ರ ಇಬ್ಬರಿಗೂ ಒಂದೇ. ಬೇಟೆಗೆ ಕಾನೂನು ಒಪ್ಪುವ ಕಡೆ, ಲೈಸೆನ್ಸ್ ಇರುವವರಿಗೆ ಈ ಉತ್ತರಗಳು. ಫೋಟೊ ತೆಗೆಯುವವರಿಗಂತೂ ಎಲ್ಲ ಕಡೆ ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಎರಡು ಜಾಕೆಟ್ ನೋಡಿಟ್ಟಿದ್ದೇನೆ. ಒಂದರ ಮೇಲೆ ಎಲೆ, ಕಡ್ಡಿ, ತೊಗಟೆ ಎಲ್ಲ ಫೋಟೊ ತೆಗೆದ ಹಾಗೆ ಅಚ್ಚಾಗಿದೆ. ಇನ್ನೊಂದರಲ್ಲಿ ಬರೀ ದೊಡ್ಡ ದೊಡ್ಡ ಪಟ್ಟೆ, ಮಚ್ಚೆ. ಮೊದಲನೆಯದೇ ಕಾಡಿನ ಹಾಗಿದೆ. ಅದನ್ನೇ ತಗೊಳ್ಳಲಾ?

ಉತ್ತರ: ಕನ್ನಡಿ ಮುಂದೆ ನಿಂತರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಕನ್ನಡಿ ಇರುವುದು ಎರಡಡಿ ದೂರದಲ್ಲಿ, ಜಿಂಕೆ ಇರುವುದು 30-40 ಮೀಟರ್ ಆಚೆ. ಅಷ್ಟು ದೂರ ಹೋದರೆ ಆ ಚಂದದ ಸಣ್ಣ ಎಲೆಗಳೆಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ. ಉಳಿಯುವುದು ಎರಡು ಕೈ, ಎರಡು ಕಾಲಿರುವ ಒಂದು ಕಪ್ಪು ಆಕಾರ.

ಕೊಳ್ಳುವ ಮೊದಲು ಹೀಗೆ ಮಾಡಿ. ಜಾಕೆಟನ್ನು ಯಾರಿಗಾದರೂ ಹಾಕಿಸಿ, ಗಿಡಗಂಟಿಯ ಮುಂದೆ ಕೂರಿಸಿ. ನೀವು 30 ಮೀಟರ್ ಹಿಂದೆ ಹೋಗಿ ಮೊಬೈಲಲ್ಲಿ ಒಂದು ಫೋಟೊ ತೆಗೆಯಿರಿ. ಆಮೇಲೆ ಅದನ್ನು ಕಪ್ಪು ಬಿಳುಪು ಮಾಡಿ ನೋಡಿ. ಬಣ್ಣ ಹೋದ ಮೇಲೆ ಭುಜದ ಇಳಿಜಾರು, ತೋಳು, ಸೊಂಟ ಬಿಡಿಬಿಡಿಯಾಗಿ ಕಂಡರೆ ಆ ಬಟ್ಟೆ ಕೆಲಸಕ್ಕೆ ಬಾರದು. ಭುಜ ಎಲ್ಲಿ ಮುಗಿಯಿತು, ಪೊದೆ ಎಲ್ಲಿ ಶುರುವಾಯಿತು ಅಂತ ಹುಡುಕಬೇಕಾದರೆ ಸುಮ್ನೆ ತಗೊಂಡುಬಿಡಿ.

ಇದರ ಹಿಂದೆ ಒಂದು ಸೊಗಸಾದ ಪ್ರಯೋಗ ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಕಾಗದದ ಪತಂಗ ಮಾಡಿ, ಒಂದೊಂದಕ್ಕೂ ಒಂದು ಸತ್ತ ಹುಳು ಸಿಕ್ಕಿಸಿ ಓಕ್ ಮರಗಳ ಕಾಂಡಕ್ಕೆ ಅಂಟಿಸಿದರು. ಮಚ್ಚೆಗಳು ರೆಕ್ಕೆಯ ಅಂಚನ್ನು ದಾಟಿ ಕತ್ತರಿಸಿದಂತಿದ್ದ ಪತಂಗಗಳು ಹಕ್ಕಿಗಳ ಬಾಯಿಂದ ಹೆಚ್ಚು ಹೊತ್ತು ತಪ್ಪಿಸಿಕೊಂಡವು. ಅದೇ ಬಣ್ಣದ ಮಚ್ಚೆ ರೆಕ್ಕೆಯ ಒಳಗಷ್ಟೇ ಇದ್ದವು ಬೇಗ ಸಿಕ್ಕಿಬಿದ್ದವು. 2005ರಲ್ಲಿ ಇದು ಪ್ರಕಟವಾಯಿತು. ಹಾಗಾಗಿ ಜಾಕೆಟ್ ಕೈಗೆ ತಗೊಂಡಾಗ ಎದೆಯ ಮೇಲಿನ ಚಿತ್ರ ನೋಡಬೇಡಿ, ಅಂಚು ನೋಡಿ. ಭುಜದ ಹೊಲಿಗೆ, ತೋಳಿನ ಹೊರಬದಿ, ಟೋಪಿಯ ಅಂಚು. ಅಲ್ಲಿ ಒಂದು ತಿಳಿ ಪಟ್ಟೆ, ಒಂದು ಗಾಢ ಪಟ್ಟೆ ಅಂಚನ್ನು ಅಡ್ಡ ಹಾಯ್ದು ಹೋಗಿರಬೇಕು.

ಇನ್ನೊಂದು ಮಾತು. ಮೇಲಿಂದ ಕೆಳಗಿನವರೆಗೆ ಒಂದೇ ಡಿಸೈನಿನ ಸೆಟ್ ಹಾಕಿಕೊಳ್ಳುವುದು ನನಗೆ ಇಷ್ಟವಿಲ್ಲ. ಜಾಕೆಟ್ ಒಂದು ಬಗೆ, ಪ್ಯಾಂಟ್ ಇನ್ನೊಂದು ಬಗೆ ಇದ್ದರೆ ಆಕಾರ ಸೊಂಟದ ಹತ್ತಿರ ತಾನೇ ಮುರಿಯುತ್ತದೆ. ಫೋಟೊದಲ್ಲಿ ಚೆನ್ನಾಗಿ ಕಾಣಲ್ಲ, ನಿಜ. ಆದರೆ ಜಿಂಕೆ ನಮ್ಮ ಫೋಟೊ ನೋಡಲ್ಲ ಅಲ್ವಾ?

ಪ್ರಶ್ನೆ: ಅಪಘಾತ ಆಗದಿರಲಿ ಅಂತ ಕಿತ್ತಳೆ ಬಣ್ಣದ ಅಂಗಿ ಹಾಕಲೇಬೇಕು ಅನ್ನುತ್ತಾರೆ. ಅಷ್ಟು ಎದ್ದು ಕಾಣುವ ಬಣ್ಣ ಹಾಕಿದರೆ ಕ್ಯಾಮೊಫ್ಲಾಜ್ ಯಾಕೆ ಬೇಕು?

ಉತ್ತರ: ಎದ್ದು ಕಾಣುವುದು ನಿಮಗೆ, ನನಗೆ. ಜಿಂಕೆಗಲ್ಲ. ನಮ್ಮ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶಗಳು 3 ಬಗೆ, ಜಿಂಕೆಗೆ 2 ಬಗೆ ಮಾತ್ರ. ಒಂದು ನೀಲಿ ಕಡೆಗೆ, ಇನ್ನೊಂದು ಹಸಿರಿನ ಕಡೆಗೆ. ಕೆಂಪು, ಕಿತ್ತಳೆಯನ್ನು ಹಸಿರಿನಿಂದ ಬೇರೆ ಮಾಡುವ ಕೋಶ ಅದಕ್ಕಿಲ್ಲ. ಅಮೆರಿಕದ ಬಿಳಿಬಾಲದ ಜಿಂಕೆಗಳ ಕಣ್ಣನ್ನು 1990ರ ದಶಕದಲ್ಲೇ ಅಳೆದು ನೋಡಿದ್ದಾರೆ.

ಹುಲಿಯನ್ನೇ ನೋಡಿ. ಅಷ್ಟು ಕಿತ್ತಳೆ ಮೈ ಇಟ್ಟುಕೊಂಡು ಹುಲ್ಲಲ್ಲಿ ಅಡಗಿ ಜಿಂಕೆ ಹಿಡಿಯುತ್ತದೆ. ಜಿಂಕೆಯ ಕಣ್ಣಿಗೆ ಆ ಮೈ ಹುಲ್ಲಿನ ಬಣ್ಣದ್ದೇ, ಮೇಲಿನ ಕರಿ ಪಟ್ಟೆ ಆಕಾರ ಮುರಿಯುವುದಕ್ಕೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಕೋವಿ ಬೇಟೆಯ ಕಾಲಕ್ಕೆ ಈ ಉಜ್ವಲ ಕಿತ್ತಳೆ ಕಡ್ಡಾಯ. ಅದು ಬೇರೆ ಬೇಟೆಗಾರರು ನಿಮ್ಮನ್ನು ನೋಡಲಿ ಅಂತ. ಇದರಲ್ಲಿ ರಾಜಿ ಬೇಡವೇ ಬೇಡ.

ನಿಜವಾಗಿ ಭಯಪಡಬೇಕಾದ್ದು ನೀಲಿಗೆ. ಮೇಲೆ ಒಳ್ಳೆ ಕ್ಯಾಮೊ ಜಾಕೆಟ್, ಕೆಳಗೆ ಜೀನ್ಸ್ ಪ್ಯಾಂಟ್ ಹಾಕಿ ಕೂರುವವರನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಜಿಂಕೆಗೆ ಚೆನ್ನಾಗಿ ಕಾಣುವ ಬಣ್ಣ ಅದೇ.

ಪ್ರಶ್ನೆ: ಕ್ಯಾಮೊಫ್ಲಾಜ್ ಬಟ್ಟೆಯನ್ನು ಬೇರೆ ಸೋಪಿನಲ್ಲಿ ಒಗೆಯಬೇಕು ಅನ್ನುವುದು ನಿಜವಾ, ಸುಮ್ನೆ ವ್ಯಾಪಾರವಾ?

ಉತ್ತರ: ಅರ್ಧ ನಿಜ. ಬಟ್ಟೆ ಬೆಳ್ಳಗೆ, ಹೊಸದರ ಹಾಗೆ ಕಾಣಲಿ ಅಂತ ಎಷ್ಟೋ ಸೋಪಿನ ಪುಡಿಗಳಿಗೆ ಬ್ರೈಟ್ನರ್ ಹಾಕಿರುತ್ತಾರೆ. ಅದು ಬಿಸಿಲಿನಲ್ಲಿರುವ ಅಲ್ಟ್ರಾವಯೊಲೆಟ್ ಬೆಳಕನ್ನು ಹೀರಿಕೊಂಡು ನೀಲಿಯಾಗಿ ಹೊರಗೆ ಬಿಡುತ್ತದೆ. ನೀಲಿ ಅಂದರೆ ಏನು ಅಂತ ಮೇಲೆ ಹೇಳಿದೆ. ಸಾಲದ್ದಕ್ಕೆ ನಮ್ಮ ಕಣ್ಣಿನ ಮಸೂರ ಅಲ್ಟ್ರಾವಯೊಲೆಟನ್ನು ತಡೆಯುತ್ತದೆ, ಜಿಂಕೆಯ ಮಸೂರ ಒಂದಷ್ಟನ್ನು ಒಳಗೆ ಬಿಡುತ್ತದೆ. ಮುಂಜಾನೆ, ಮುಸ್ಸಂಜೆಯ ಮಂದ ಬೆಳಕಿನಲ್ಲಿ ನೀಲಿ ಪಾಲು ಜಾಸ್ತಿ. ಬೇಟೆಯ ಹೊತ್ತೂ ಅದೇ.

ಪರೀಕ್ಷೆ ಸುಲಭ. ನೋಟು ಪರೀಕ್ಷಿಸುವ ಯುವಿ ಟಾರ್ಚ್ ತಗೊಂಡು ಕತ್ತಲೆ ಕೋಣೆಯಲ್ಲಿ ಜಾಕೆಟಿನ ಮೇಲೆ ಬಿಡಿ. ಬ್ರೈಟ್ನರ್ ಕೂತಿದ್ದರೆ ಬಟ್ಟೆ ನೀಲಿಯಾಗಿ ಮಿನುಗುತ್ತದೆ. ಹೊಲಿಗೆಯ ದಾರ, ಕಾಲರಿನ ಲೇಬಲ್ ಕೂಡ ನೋಡಿ. ಕೆಲವು ಬಟ್ಟೆ ಹೊಸದಾಗಿ ಬಂದಾಗಲೇ ಮಿನುಗುತ್ತವೆ, ಅವನ್ನು ವಾಪಸ್ ಕೊಡಿ. ಉಳಿದಂತೆ ಬ್ರೈಟ್ನರ್ ಇಲ್ಲದ, ವಾಸನೆ ಇಲ್ಲದ ಯಾವ ಸೋಪಾದರೂ ಸಾಕು. ಪ್ಯಾಕೆಟ್ ಮೇಲೆ ಜಿಂಕೆ ಚಿತ್ರ ಇರಲೇಬೇಕು ಅಂತೇನಿಲ್ಲ.

ಪ್ರಶ್ನೆ: ಕಾಡುಬಾತು, ಟರ್ಕಿ ಕೋಳಿಗೂ ಇದೇ ಬಟ್ಟೆ ಆಗುತ್ತಾ?

ಉತ್ತರ: ಇಲ್ಲ. ಹಕ್ಕಿಗಳಿಗೆ ಬಣ್ಣದ ಕೋಶ 4 ಬಗೆ, ಬಣ್ಣದ ವಿಷಯದಲ್ಲಿ ಅವು ನಮ್ಮನ್ನೂ ಮೀರಿಸುತ್ತವೆ. ಇಲ್ಲಿ ಬಣ್ಣ ಸುತ್ತಲಿನ ಜಾಗಕ್ಕೆ ಹೊಂದಲೇಬೇಕು. ಒಣ ಜೊಂಡಿನ ನಡುವೆ ಹಸಿರು ಜಾಕೆಟ್ ಹಾಕಿ ಕೂತರೆ ಬಾತುಗಳು ಮೇಲಿಂದಲೇ ತಿರುಗಿ ಹೋಗುತ್ತವೆ. ಟರ್ಕಿ ಬೇಟೆಯಲ್ಲಿ ಕೆಂಪು, ಬಿಳಿ, ನೀಲಿ ಮೂರೂ ಬೇಡ, ಕರ್ಚೀಫಿನಲ್ಲಿ ಕೂಡ. ಗಂಡು ಟರ್ಕಿಯ ತಲೆಯ ಬಣ್ಣ ಅವೇ. ಪೊದೆಯ ಸಂದಿಯಲ್ಲಿ ಅದು ಕಂಡರೆ ಇನ್ನೊಬ್ಬ ಬೇಟೆಗಾರ ನಿಮ್ಮ ಕಡೆ ಕೋವಿ ತಿರುಗಿಸಬಹುದು.

ಪ್ರಶ್ನೆ: ಮುಖಕ್ಕೆ ಮುಸುಕು ಹಾಕಿದರೆ ಸೆಕೆ. ಬಿಡಬಹುದಾ?

ಉತ್ತರ: ಜಾಕೆಟ್ ಬೇಕಾದರೆ ಬಿಡಿ, ಮುಸುಕು ಬಿಡಬೇಡಿ. ಬೆವರಿದ ಮುಖ ಹೊಳೆಯುತ್ತದೆ, ಕೈ ಎಲ್ಲಕ್ಕಿಂತ ಹೆಚ್ಚು ಅಲ್ಲಾಡುತ್ತದೆ. ತೆಳು ಜಾಲರಿಯ ಮುಸುಕು, ತೆಳು ಕೈಗವಸು ಸಾಕು. ವಾಚ್ ಜೇಬಿಗೆ ಹಾಕಿ.

ಪ್ರಶ್ನೆ: ಮೈವಾಸನೆ ತಡೆಯುವ ದುಬಾರಿ ಕ್ಯಾಮೊ ಸೂಟ್ ಬಂದಿದೆ. ತಗೊಳ್ಳಲಾ?

ಉತ್ತರ: ಆ ದುಡ್ಡನ್ನು ಸದ್ದು ಮಾಡದ ಬಟ್ಟೆಗೆ ಹಾಕಿ. ವಾಸನೆಗೆ ಗಾಳಿಗೆ ಎದುರಾಗಿ ಕೂರುವುದೇ ಮದ್ದು. ಪ್ರಾಣಿಯ ಕಡೆಯಿಂದ ಗಾಳಿ ನಿಮ್ಮ ಮುಖಕ್ಕೆ ಬರಬೇಕು. ಬಟ್ಟೆಯ ತೋಳನ್ನು ಕಿವಿಯ ಹತ್ತಿರ ಹಿಡಿದು ಉಗುರಲ್ಲಿ ಕೆರೆಯಿರಿ. ಫ್ಲೀಸ್, ಉಣ್ಣೆ ಹೆಚ್ಚು ಸದ್ದು ಮಾಡಲ್ಲ. ನೈಲಾನ್ ಮಳೆ ಜಾಕೆಟ್ ಸರಸರ ಅನ್ನುತ್ತದೆ. ಜೇಬಿಗೆ ವೆಲ್ಕ್ರೊ ಇದ್ದರೆ ಬಿಚ್ಚಿಸಿ ಗುಂಡಿ ಹೊಲಿಸಿಕೊಳ್ಳಿ.