ಆ ಹಾಳೆಗೆ ಪಾಸು-ಫೇಲು ಇಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಯಾರೂ ಇಲ್ಲದಾಗಲೂ ಯಾರೋ ಬೈಯುವ ದನಿ ಕೇಳುತ್ತದೆ ಅನ್ನುತ್ತಾನೆ. ಮಾತ್ರೆ ಶುರುವಾಗಿ ಎಂಟು ತಿಂಗಳಾಯಿತು. ಹೋದ ಸಲ ಆಸ್ಪತ್ರೆಯಲ್ಲಿ ಒಂದು ಹಾಳೆ ಕೊಟ್ಟು, ದನಿ ಬಂದಾಗ ಏನು ಮಾಡ್ತೀಯ, ಅದು ಹೇಳಿದ ಹಾಗೆ ಕೇಳ್ತೀಯಾ ಅಂತೆಲ್ಲ ಬರೆಸಿಕೊಂಡರು. ಅವನು ಹೆದರಿ ಎಲ್ಲದಕ್ಕೂ 'ಇಲ್ಲ' ಅಂತ ಗುರುತು ಹಾಕಿದ. ಇದಕ್ಕೆ ಮಾರ್ಕ್ಸ್ ಹಾಕಿ ಏನು ಮಾಡ್ತಾರೆ?
– ಒಬ್ಬ ಅಕ್ಕ, ಹೊಸನಗರ

ಉತ್ತರ: ಎಲ್ಲದಕ್ಕೂ 'ಇಲ್ಲ' ಅಂದದ್ದನ್ನು ಮುಂದಿನ ಸಲ ಡಾಕ್ಟರಿಗೆ ಹೇಳಿಬಿಡಿ. ಹೆದರಿ ಹಾಗೆ ಬರೆಯುವವರು ಬಹಳ ಜನ. ಅದರಲ್ಲಿ ತಪ್ಪೇನೂ ಇಲ್ಲ.

ದನಿ ಎಷ್ಟು ಸಲ ಬರುತ್ತದೆ ಅನ್ನುವುದು ಒಂದು ಲೆಕ್ಕ. ಬಂದಾಗ ಮನುಷ್ಯ ಏನು ಮಾಡುತ್ತಾನೆ ಅನ್ನುವುದು ಬೇರೆಯೇ ಲೆಕ್ಕ. ಮನಶ್ಶಾಸ್ತ್ರಜ್ಞರಾದ ಚಾಡ್ವಿಕ್, ಬರ್ಚ್‌ವುಡ್ ಮತ್ತು ಜೊತೆಯವರು 2000ದಲ್ಲಿ ತಿದ್ದಿ ಕೊಟ್ಟ ಇಂಥ ಒಂದು ಹಾಳೆಯಲ್ಲಿ 35 ಪ್ರಶ್ನೆಗಳಿವೆ. ದನಿ ಕೇಡು ಬಯಸುತ್ತದಾ, ಒಳ್ಳೆಯದು ಬಯಸುತ್ತದಾ, ಅದರದ್ದೇ ಮೇಲುಗೈಯಾ, ಅದನ್ನು ದೂರ ತಳ್ಳುತ್ತೀರಾ, ಅದರ ಮಾತಿಗೆ ಕಿವಿಗೊಡುತ್ತೀರಾ ಅನ್ನುವುದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾರೆ.

ನಾನು ನರ್ಸ್ ಆಗಿದ್ದಾಗ ಅಡಿಕೆ ಸುಲಿಯುವ ಒಬ್ಬರು ಬರುತ್ತಿದ್ದರು. ಮೊದಮೊದಲು ದನಿ ಬಂದರೆ ಮೆಟ್ಟುಗತ್ತಿ ಬಿಟ್ಟು ಹಿತ್ತಿಲಿಗೆ ಓಡುತ್ತಿದ್ದರು. ಮುಂದಿನ ಕೊಯ್ಲಿಗೆ ಅವರ ಮನೆಗೆ ಹೋದಾಗ ಚಪ್ಪರದ ಕೆಳಗೆ ಕೂತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಸುಲಿದ ಅಡಿಕೆ ಎಣಿಸುತ್ತಿದ್ದರು! "ದನಿ ಹೋಯ್ತಾ?" ಅಂದೆ. "ಇಲ್ಲ ಸಿಸ್ಟರ್, ಇದೆ. ನೂರು ಎಣಿಸೋದ್ರೊಳಗೆ ಸುಮ್ನಾಗ್ತದೆ" ಅಂದರು. ದಿನಕ್ಕೆ ಅರ್ಧ ಡಬ್ಬಿ ದಾಟದವರು ಆ ವರ್ಷ ಎರಡು ಡಬ್ಬಿ ಸುಲಿದರು. ದನಿ ಇದೆಯಾ ಅಂತ ಒಂದೇ ಪ್ರಶ್ನೆ ಕೇಳಿದ್ದರೆ, ಇದ್ಯಾವುದೂ ನಮ್ಮ ಲೆಕ್ಕಕ್ಕೆ ಸಿಗುತ್ತಿರಲಿಲ್ಲ ಅಲ್ವಾ?

ಮಾತ್ರೆ ಮಾತ್ರ ನೀವೇ ಬಿಡಿಸಬೇಡಿ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ (ಇಂಥ ದನಿಗಳು ಕೇಳಿಸಬಹುದಾದ ಒಂದು ಮನೋರೋಗ) ಇದ್ದವರನ್ನು ಒಂದು ವರ್ಷ ಗಮನಿಸಿದ್ದಾರೆ. 'ಐಡಿಯಾಸ್' ಎಂಬ ನಮ್ಮ ದೇಶದ್ದೇ ಅಳತೆಯಲ್ಲಿ ಸ್ನಾನ-ಊಟ, ಒಡನಾಟ, ಮಾತುಕತೆ, ಕೆಲಸ ಹೇಗಿದೆ ಅಂತ ನೋಡಿದರು. ಮಾತ್ರೆ ತಗೊಂಡವರ ತೊಂದರೆ ಇಳಿದಿತ್ತು. ತಗೊಳ್ಳದವರದ್ದು ಹೆಚ್ಚುಕಡಿಮೆ ಹಾಗೇ ಇತ್ತು.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ದನಿ ಬಂದಾಗ ಏನು ಮಾಡಿದೆ, ಅದರಿಂದ ಹಗುರ ಆಯ್ತಾ ಅಂತ ತಮ್ಮನೇ ಬರೆಯಲಿ. ನೀವು ತಿದ್ದಬೇಡಿ. ಆದರೆ ದನಿ 'ಸಾಯಿ' ಅಂತಲೋ, ಯಾರಿಗಾದರೂ ಹೊಡೆ ಅಂತಲೋ ಹೇಳಿದರೆ ಅವನನ್ನು ಒಬ್ಬನೇ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಡುರಾತ್ರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.